ಏಳನೆಯ ಅಧ್ಯಾಯದ ಕಳ್ಳ

ಪರೀಕ್ಷೆಯ ಕಾಲ ಬಂತೆಂದರೆ ಸೇಡಂ ರಸ್ತೆಯ ಝೆರಾಕ್ಸ್ ಅಂಗಡಿಯಲ್ಲಿ ಮಹಾದೇವಪ್ಪ ತುಟಿ ಕಚ್ಚಿಕೊಂಡೇ ಕೆಲಸ ಮಾಡಬೇಕಾಗುತ್ತದೆ. ಬಿ.ಎ. ಓದುವ ಹುಡುಗರು ಹುಡುಗಿಯರು ಗುಂಪು ಕಟ್ಟಿಕೊಂಡು ಬರುತ್ತಾರೆ, ಯಾರೋ ಬರೆದ ನೋಟ್ಸಿನ ಪ್ರತಿ ತೆಗೆಸಿಕೊಂಡು ಹೋಗುತ್ತಾರೆ. ಪ್ರಶ್ನೆ ಪ್ರತಿ ವರ್ಷ ಒಂದೇ: ‘ಕೆಂಪು ಮಣ್ಣಿನ ನಾನು’ ಎಂಬ ಆತ್ಮಕಥನಾತ್ಮಕ ಕಾದಂಬರಿಯ ಏಳನೆಯ ಅಧ್ಯಾಯದಲ್ಲಿ ಲೇಖಕರು ಬಳಸಿರುವ ನಿರೂಪಣಾ ತಂತ್ರವನ್ನು ವಿವೇಚಿಸಿ. ಹತ್ತು ಅಂಕ. ಉತ್ತರವೂ ಪ್ರತಿ ವರ್ಷ ಒಂದೇ. ಲೇಖಕರು ‘ನಾನು’ವಿನ ಅಹಂಕಾರವನ್ನು ಕಳಚಿಟ್ಟು, ತಮ್ಮನ್ನೇ ‘ಅವನು’ ಎಂದು ಕರೆದುಕೊಂಡು, ತಮ್ಮ ಬಾಲ್ಯದ ಪಾಪವನ್ನು ತಾವೇ ದೂರ ನಿಂತು ನೋಡಿದ್ದಾರೆ. ಕನ್ನಡದಲ್ಲಿ ಇದು ಹೊಸ ಪ್ರಯೋಗ.

ಪ್ರಯೋಗವೂ ಇಲ್ಲ, ಮಣ್ಣೂ ಇಲ್ಲ. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಸಾಲಲಿಲ್ಲ, ಅಷ್ಟೇ. ಇದರ ಪೂರಾ ಕಥೆ ಲೋಕದಲ್ಲಿ ಇಬ್ಬರಿಗೆ ಗೊತ್ತು. ಒಬ್ಬ ಆ ಪುಸ್ತಕದ ಲೇಖಕ ಡಾಕ್ಟರ್ ಚಂದ್ರಶಾ. ಇನ್ನೊಬ್ಬ, ಮೊಳೆಯ ಕಾಲ ಮುಗಿದ ಮೇಲೆ ಇಲ್ಲಿ ಯಂತ್ರದ ಮುಚ್ಚಳ ಎತ್ತಿ ಹಾಕಿ, ಒಂದು ಹಾಳೆಗೆ ಎಪ್ಪತ್ತೈದು ಪೈಸೆಯಂತೆ ತನ್ನದೇ ಕೆಲಸದ ಹೊಗಳಿಕೆಯನ್ನು ಪ್ರತಿ ತೆಗೆಯುತ್ತಿರುವ ಮಹಾದೇವಪ್ಪ.

ಮಹಾದೇವಪ್ಪ ಕಮಲಾಪುರದವನು. ಊರ ಹೊರಗಿನ ಕೇರಿಯಲ್ಲಿ ಹುಟ್ಟಿದ. ಅಪ್ಪ ದತ್ತಪ್ಪ ಬೇಗ ತೀರಿಕೊಂಡ. ಅವ್ವ ಬಂಡೆಮ್ಮ ಕಂಡವರ ಬಾಳೆಯ ತೋಟದಲ್ಲಿ ಕೂಲಿ ಮಾಡಿ ಮಗನನ್ನು ಏಳನೆಯ ಇಯತ್ತೆಯವರೆಗೆ ಎಳೆದು ತಂದಳು. ಅಲ್ಲಿಗೆ ಓದು ನಿಂತಿತು. ಯಾಕೆ ನಿಂತಿತು ಎಂಬುದೇ ಈ ಕಥೆ. ಹದಿಮೂರರ ವಯಸ್ಸಿನಲ್ಲಿ ಕಲಬುರಗಿಗೆ ಬಂದು ಸ್ಟೇಶನ್ ಬಜಾರದ ಚಾಂದಪಾಶಾನ ಪ್ರೆಸ್ ಸೇರಿದ. ಸೀಸದ ಅಕ್ಷರಗಳನ್ನು, ಅಂದರೆ ಮೊಳೆಗಳನ್ನು, ಒಂದೊಂದಾಗಿ ಹೆಕ್ಕಿ ಸಾಲು ಕಟ್ಟುವುದು ಕಲಿತ. ಅಕ್ಷರ ಅಲ್ಲಿ ತಿರುಗುಮುರುಗಾಗಿ ಇರುತ್ತದೆ. ಹಾಗೆ ಓದಿ ಓದಿ ಅವನಿಗೆ ಒಂದು ಗುಣ ಬಂತು: ಯಾರು ಏನು ಬರೆದರೂ ಅವನು ಅದರ ಬೆನ್ನನ್ನು ಮೊದಲು ನೋಡುತ್ತಿದ್ದ.

ಒಬ್ಬನ ಬರಹದಲ್ಲಿ ಏನು ತುಂಬಿದೆ ಎಂಬುದು ಓದುವವನಿಗಿಂತ ಮೊದಲು ಮೊಳೆಯ ಪೆಟ್ಟಿಗೆಗೆ ಗೊತ್ತಾಗುತ್ತದೆ. ಯಾವ ಖಾನೆ ಬರಿದಾಯಿತು ಅಂತ ನೋಡಿದರೆ ಸಾಕು. ಪಾಶಾನ ಪ್ರೆಸ್ಸಿಗೆ ಬರುತ್ತಿದ್ದದ್ದು ಮದುವೆಯ ಕಾರ್ಡು, ಸತ್ತವರ ಶ್ರದ್ಧಾಂಜಲಿ, ಚುನಾವಣೆಯ ಕರಪತ್ರ, ಕಿರಾಣಿ ಅಂಗಡಿಯ ರಸೀದಿ ಪುಸ್ತಕ. ಅದಕ್ಕೆ ತಕ್ಕಂತೆ ‘ಶ್ರೀ’ ಮೊಳೆ ಹೇರಳ, ‘ಸೌ’ ಹೇರಳ, ‘ವಿ’ ಬೇಕಾದಷ್ಟು. ‘ನಾ’ ಮಾತ್ರ ಒಂದು ಹಿಡಿ. ಮದುವೆ ಕಾರ್ಡಿನಲ್ಲಿ ‘ನಾನು ನಾನು’ ಎನ್ನುವ ಬೀಗ ಯಾರಿದ್ದಾನೆ?

ಸಾವಿರದೊಂಬೈನೂರ ಎಂಬತ್ತೆಂಟರ ಮಾಘದಲ್ಲಿ ಚಂದ್ರಶಾ ತನ್ನ ಕಾದಂಬರಿಯ ಹಸ್ತಪ್ರತಿ ಹಿಡಿದುಕೊಂಡು ಆ ಪ್ರೆಸ್ಸಿನ ಮೆಟ್ಟಿಲು ಹತ್ತಿದ. ಕಾಲೇಜಿನಲ್ಲಿ ಕನ್ನಡ ಹೇಳುವವನು. ಖಾದಿ ಜುಬ್ಬಾ, ಹೆಗಲಿಗೆ ಜೋಳಿಗೆ, ಯೋಚಿಸುವಾಗ ಕೆರೆಯಲೆಂದೇ ಬೆಳೆಸಿದ ಗಡ್ಡ. ಮುಂದಿನ ತಿಂಗಳು ದೊಡ್ಡ ವಿಚಾರ ಸಂಕಿರಣವಿತ್ತು, ಅದರಲ್ಲೇ ಪುಸ್ತಕ ಬಿಡುಗಡೆಯಾಗಬೇಕಿತ್ತು. ಬೇರೆ ಪ್ರೆಸ್ಸಿನವರೆಲ್ಲ ಇಷ್ಟು ಬೇಗ ಆಗದು ಎಂದಿದ್ದರು. ಚಾಂದಪಾಶಾ ಮಾತ್ರ, ಯಾವುದಕ್ಕೂ ಇಲ್ಲ ಎನ್ನದ ಮನುಷ್ಯ, ‘ಹೋ ಜಾತಾ ಸಾಬ್, ಮಾಡಿ ಕೊಡ್ತೀವ್ರಿ’ ಎಂದ.

ಮಹಾದೇವಪ್ಪ ಅವನನ್ನು ಕಂಡ ಕೂಡಲೇ ಗುರುತು ಹಿಡಿದ. ಗಡ್ಡ ಬಂದರೇನು, ಮಾತಾಡುವಾಗ ಎಡಗಣ್ಣು ಸಣ್ಣ ಮಾಡುವ ಚಾಳಿ ಎಲ್ಲಿ ಹೋಗುತ್ತದೆ. ಏಳು ವರ್ಷ ಒಂದೇ ಶಾಲೆಯಲ್ಲಿ ಕಲಿತವರು, ಒಬ್ಬ ಮುಂದಿನ ಸಾಲಿನಲ್ಲಿ, ಒಬ್ಬ ಗೋಡೆಯ ಹತ್ತಿರ. ಚಂದ್ರಶಾ ಮಾತ್ರ ಇವನ ಮುಖವನ್ನೇ ನೋಡಲಿಲ್ಲ, ಮಸಿ ಹತ್ತಿದ ಕೈ ನೋಡಿ ಜುಬ್ಬಾದ ಅಂಚು ಹಿಂದೆ ಎಳೆದುಕೊಂಡ.

‘ಯಾವೂರಪಾ ನಿಂದು?’ ಎಂದು ಕೇಳಿದ, ಕೇಳಬೇಕಲ್ಲ ಎಂದು.

‘ಕಮಲಾಪುರ್ರಿ.’

‘ಹೌದಾ! ನಮ್ಮೂರೇ!’ ಎಂದು ಹಿಗ್ಗಿದ. ಯಾರ ಮನೆಯವನು, ಯಾರ ಮಗ ಎಂದು ಕೇಳಲಿಲ್ಲ. ‘ಹಂಗಾದ್ರ ಈ ಪುಸ್ತಕ ನಿನಗ ಭಾಳ ಹಿಡಿಸ್ತದ. ನಮ್ಮೂರಿನ ನೋವೆಲ್ಲಾ ಇದರಾಗ ಅದ’ ಎಂದು ಹೇಳಿ ಸ್ಕೂಟರ್ ಒದ್ದು ಹೋದ.

ನೋವು ಇತ್ತು, ನಿಜ. ಯಾರ ನೋವು ಎಂಬುದು ಬೇರೆ ಮಾತು. ಪುಸ್ತಕದೊಳಗಿನ ‘ನಾನು’ ಎಂಬ ಬಾಲಕ ಹುಣಸೆ ಬೀಜ ಹುರಿದು ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದ. ಚಂದ್ರಶಾನ ಅಪ್ಪ ಅಮೋಘಪ್ಪನಿಗೆ ಹನ್ನೆರಡು ಎಕರೆ ಬಾಳೆಯ ತೋಟ ಇತ್ತು. ಅವರ ಮನೆಯ ಎಮ್ಮೆ ಕೂಡ ಹುಣಸೆ ಬೀಜ ಮೂಸುತ್ತಿರಲಿಲ್ಲ. ಹುರಿದು ತಿಂದವನು ಮಹಾದೇವಪ್ಪ. ‘ನಾನು’ ಹರಿದ ಚಡ್ಡಿಗೆ ಅವ್ವನ ಸೀರೆಯ ತೇಪೆ ಹಾಕಿಸಿಕೊಂಡು ಶಾಲೆಗೆ ಹೋಗುತ್ತಿದ್ದ. ಆ ಸೀರೆಯ ಹಸಿರು ಬಣ್ಣವನ್ನು ಕೂಡ ಬಿಟ್ಟಿರಲಿಲ್ಲ ಪುಣ್ಯಾತ್ಮ. ಬಂಡೆಮ್ಮನ ಸೀರೆ ಅದು. ಗೋಡೆಯ ಹತ್ತಿರ ಕೂತ ಹುಡುಗನನ್ನು ಏಳು ವರ್ಷ ಅವನು ಇಷ್ಟು ಚೆನ್ನಾಗಿ ನೋಡಿಟ್ಟುಕೊಂಡಿದ್ದನಲ್ಲ, ಮುಖ ಒಂದನ್ನು ಬಿಟ್ಟು, ಎಂದು ಮಹಾದೇವಪ್ಪನಿಗೆ ಸೋಜಿಗವಾಯಿತು. ಮುನ್ನುಡಿಯಲ್ಲಿ ಬೇರೆ ಬರೆದುಕೊಂಡಿದ್ದ: ಇಲ್ಲಿನ ನಾನು ನಾನೂ ಹೌದು, ನಾನಲ್ಲದವನೂ ಹೌದು. ನಾನಲ್ಲದವನು ಮೊಳೆ ಜೋಡಿಸುತ್ತಾ ಕೂತಿದ್ದ.

ಇಷ್ಟಾದರೂ ಮಹಾದೇವಪ್ಪ ಸಿಟ್ಟಾಗಲಿಲ್ಲ. ಹಸಿವನ್ನು ಒಯ್ದರೆ ಒಯ್ಯಲಿ, ತನಗೇನು ಅದು ವಾಪಸು ಬೇಕಾಗಿರಲಿಲ್ಲ. ಕಷ್ಟವಾದದ್ದು ಮೊಳೆಗೆ. ನಾಲ್ಕು ಪುಟ ಕಟ್ಟುವಷ್ಟರಲ್ಲಿ ‘ನಾ’ ಖಾನೆ ಖಾಲಿ. ಅಚ್ಚಾಗಿ, ಬಿಚ್ಚಿ, ತೊಳೆದು, ಮೊಳೆ ಮತ್ತೆ ಖಾನೆಗೆ ಬರುವವರೆಗೆ ಕೈಕಟ್ಟಿ ಕೂಡಬೇಕು. ಹೀಗೆ ನಡೆದರೆ ಪುಸ್ತಕ ಮುಗಿಯುವುದು ಮಳೆಗಾಲಕ್ಕೆ. ಪಾಶಾ ಅವನನ್ನೇ ಲೇಖಕನ ಮನೆಗೆ ಅಟ್ಟಿದ.

ಚಂದ್ರಶಾ ಸೇಡಂ ರಸ್ತೆಯ ಹೊಸ ಬಡಾವಣೆಯ ಮನೆಯಲ್ಲಿ ಮಂಚದ ಮೇಲೆ ಒರಗಿದ್ದ. ಇವನು ಬಾಗಿಲಲ್ಲೇ ನಿಂತು ಹೇಳಿದ: ‘ಸರ್, ನಾನು ನಾನು ಅಂತ ಭಾಳ ಬಂದಾವ್ರಿ. ನಮ್ಮಲ್ಲಿ ಅಷ್ಟು ಮೊಳಿ ಇಲ್ರಿ.’

ಇಂಥ ಮಾತು ಕೇಳಿದರೆ ಇನ್ನೊಬ್ಬ ನಾಚಿಕೊಂಡು ಸಾಯುತ್ತಿದ್ದ. ಚಂದ್ರಶಾ ಗಡ್ಡ ಕೆರೆದ. ‘ಬಿಡುಗಡೆ ಮುಂದ ಹೋಗಂಗಿಲ್ಲಪಾ. ಮಂತ್ರಿಗಳು ಬರಾಕತ್ತಾರ.’

‘ಅಲ್ಲಲ್ಲಿ ಅವನು ಅಂತ ಮಾಡಿದ್ರ ನಡೀತದೇನ್ರಿ? ಅ, ವ ಎರಡೂ ಸಾಕಷ್ಟು ಅವ.’

ಚಂದ್ರಶಾ ಎಡಗಣ್ಣು ಸಣ್ಣ ಮಾಡಿದ. ಮೆಲ್ಲಗೆ ಅವನ ಮುಖದ ಮೇಲೆ ಬೆಳಕು ಬಂತು. ‘ಮಾಡು. ಕೆಲವು ಅಧ್ಯಾಯ ಪೂರಾ ಅವನು ಮಾಡು. ಈಗಿನವರು ಹಂಗs ಬರೀತಾರ. ಅದೊಂದು ತಂತ್ರ. ಹೆಸರು ಬೇಕಾದಲ್ಲಿ ಚಂದ್ರು ಅಂತ ಹಾಕು. ಎಲ್ಲಾ ನಿನಗs ಬಿಟ್ಟೀನಿ, ನಮ್ಮೂರವ ಇದ್ದಿ.’

ಹೀಗೆ ಕನ್ನಡದ ಹೊಸ ನಿರೂಪಣಾ ತಂತ್ರ ಹುಟ್ಟಿತು. ಹೆಂಡತಿ ಮಾನಮ್ಮನ ಮುಂದೆ ಆ ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೇಳಿ ಮಹಾದೇವಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

ಮೂರು ದಿನಕ್ಕೆ ಏಳನೆಯ ಅಧ್ಯಾಯ ಅವನ ಕೈಗೆ ಬಂತು. ನಗು ಅಲ್ಲಿಗೆ ನಿಂತಿತು.

ಕಮಲಾಪುರದ ಶಾಲೆಗೆ ಆ ವರ್ಷ ಇನ್‌ಸ್ಪೆಕ್ಟರ್ ಸಾಹೇಬರು ಬರುವವರಿದ್ದರು. ಹೆಡ್‌ಮಾಸ್ತರ ಜಗದೇವಪ್ಪನವರು ಅವರಿಗೆ ಕೊಡಲೆಂದು ಒಂದು ಗೊನೆ ಕೆಂಪು ಬಾಳೆ ತರಿಸಿ, ಶಾಲೆಯ ಉಗ್ರಾಣದ ಕೋಣೆಯಲ್ಲಿ ಹುಲ್ಲು ಮುಚ್ಚಿ ಹಣ್ಣಿಗಿಟ್ಟಿದ್ದರು. ಗೊನೆ ಬಂದದ್ದು ಅಮೋಘಪ್ಪನ ತೋಟದಿಂದ. ಸಾಹೇಬರು ಬಂದ ದಿನ ಮಾಸ್ತರರು ಎಲ್ಲರ ಮುಂದೆ ಠೀವಿಯಿಂದ ಹುಲ್ಲು ಸರಿಸಿದರು. ಒಳಗೆ ಬರೀ ದಿಂಡು, ಮೇಲೆ ನಾಲ್ಕು ಹಣ್ಣು. ಸಾಹೇಬರು ನಕ್ಕರು. ಆ ನಗೆ ಮಾಸ್ತರರ ಎದೆಯಲ್ಲಿ ಹೋಗಿ ಕೂತಿತು. ಹುಡುಗರ ಚೀಲಗಳನ್ನೆಲ್ಲ ಜಾಲಾಡಿಸಿದರು. ಮಹಾದೇವಪ್ಪನ ಚೀಲದಲ್ಲಿ ಕೆಂಪು ಸಿಪ್ಪೆ ಸಿಕ್ಕವು.

ಯಾರ ಚೀಲದಲ್ಲಿ ಸಿಕ್ಕವು ಎಂದಷ್ಟೇ ಕೇಳಿದರು. ಯಾರು ಹಾಕಿದರು ಎಂದು ಕೇಳಲಿಲ್ಲ. ಮಹಾದೇವಪ್ಪ ನೋಡಿದ್ದ. ನೀರು ಕುಡಿಯಲು ಹೋಗಿ ಬರುವಾಗ ಚಂದ್ರಶಾ ಇವನ ಚೀಲದ ಹತ್ತಿರ ಬಗ್ಗಿದ್ದನ್ನು, ಕಂಡದ್ದಕ್ಕೆ ನಕ್ಕದ್ದನ್ನು, ಬಾಯಿ ತುಂಬಿದ್ದನ್ನು. ಅದನ್ನು ಹೇಳಿದ ಕೂಡ. ಹೇಳಿದ್ದಕ್ಕೆ ಇನ್ನೆರಡು ಏಟು ಹೆಚ್ಚು ಬಿದ್ದವು. ಚಂದ್ರಶಾ ಬಾಯಿ ಬಿಡಲಿಲ್ಲ. ಅವನಪ್ಪನ ತೋಟದ್ದೇ ಹಣ್ಣು. ‘ನಾನೇ ತಿಂದೆ’ ಎಂದಿದ್ದರೆ ಮಾಸ್ತರರು ಕಿವಿ ಹಿಂಡಿ ಬಿಡುತ್ತಿದ್ದರು. ಒಂದು ಮಾತು ಖರ್ಚಾಗುತ್ತಿತ್ತು. ಅದನ್ನೂ ಉಳಿಸಿಕೊಂಡ, ಇಪ್ಪತ್ತೆರಡು ವರ್ಷ. ಇವನನ್ನು ಶಾಲೆಯಿಂದ ತೆಗೆದುಹಾಕಿದರು. ಬಂಡೆಮ್ಮ ಶಾಲೆಯ ಅಂಗಳದಲ್ಲಿ ಮಾಸ್ತರರ ಮುಂದೆ ನಿಂತು ಕೈಮುಗಿದಳು, ಏನೂ ಆಗಲಿಲ್ಲ.

ಬಂಡೆಮ್ಮ ಮಗನಿಗೆ ಬೈಯಲಿಲ್ಲ, ಹೊಡೆಯಲೂ ಇಲ್ಲ. ಕ್ಷಮಿಸಿಬಿಟ್ಟಳು. ಅದೇ ಅವನಿಗೆ ಗಂಟಲ ಮುಳ್ಳಾಯಿತು. ತೋಟದ ಕೂಲಿಯ ಜೊತೆ ಒಂದೆರಡು ಕೆಂಪು ಹಣ್ಣು ಸಿಕ್ಕಾಗಲೆಲ್ಲ ಸೆರಗಿನಲ್ಲಿ ಕಟ್ಟಿ ತಂದು ಮಗನ ಕೈಯಲ್ಲಿಡುವಳು. ಇಟ್ಟು, ತಲೆ ಸವರಿ, ಒಂದೇ ಮಾತು: ‘ಬೇಕಾದ್ರ ಕೇಳಿ ತಗೋಬೇಕು ಮಗನ.’ ಅವನಿಗೆ ಮದುವೆಯಾಯಿತು, ಎರಡು ಮಕ್ಕಳಾದವು, ಊರಿಗೆ ಹೋದಾಗಲೆಲ್ಲ ಹಣ್ಣು ತಪ್ಪಲಿಲ್ಲ, ಮಾತೂ ತಪ್ಪಲಿಲ್ಲ. ‘ನಾ ತಗೊಂಡಿಲ್ಲವ್ವಾ’ ಎಂದು ಅವನು ಎಷ್ಟು ಸಲ ಹೇಳಿದ್ದಾನೋ. ‘ಇರಲಿ ಬಿಡು, ಹಸಿದ ಕೂಸು ತಿಂದಿ, ತಪ್ಪಿಲ್ಲ’ ಎನ್ನುವಳು. ಅವಳು ಸಾಯುವುದರೊಳಗೆ ಒಂದೇ ಒಂದು ಸಲ ಅವಳ ಬಾಯಿಂದ ‘ನೀ ತಗೊಂಡಿಲ್ಲ’ ಎಂದು ಕೇಳಬೇಕು. ಮಹಾದೇವಪ್ಪನಿಗೆ ಈ ಜನ್ಮದಲ್ಲಿ ಬೇಕಾಗಿದ್ದದ್ದು ಅದೊಂದೇ.

ಈಗ ಹಸ್ತಪ್ರತಿ ಎದುರಿಗಿತ್ತು. ಶಾಲೆಯಲ್ಲಿ ಮಹಾದೇವಪ್ಪನನ್ನು ಎಲ್ಲರೂ ಕರೆಯುತ್ತಿದ್ದದ್ದು ಮಾದ ಎಂದು. ಚಂದ್ರಶಾ ಬರೆದಿದ್ದ: ‘ಮಾದ ಹಣ್ಣು ಕದ್ದು ತಿಂದು ಸಿಪ್ಪೆಗಳನ್ನು ನನ್ನ ಚೀಲದಲ್ಲಿ ತುರುಕಿದ. ನಾನು ಏಟು ತಿಂದೆ. ನಾನು ಅವನ ಹೆಸರು ಹೇಳಲಿಲ್ಲ.’ ನಾಲ್ಕು ಪುಟ ಹೀಗೇ. ಏಟು ತಿಂದ ಬೆನ್ನಿನ ವರ್ಣನೆಯೇ ಒಂದು ಪುಟ. ಕದ್ದವನು ಏಟನ್ನೂ ಕದ್ದಿದ್ದ.

ಮಹಾದೇವಪ್ಪನ ಮೈ ಉರಿಯಿತು. ಎದ್ದು ಹೊರಗೆ ಹೋಗಿ ಒಂದು ಬೀಡಿ ಸೇದಿ ಬಂದ. ಕೂತು ಮೊಳೆ ಹೆಕ್ಕಿದ. ‘ಮಾದ’ ಎಂದಿದ್ದಲ್ಲಿ ‘ಚಂದ್ರು’ ಹಾಕಿದ. ‘ನಾನು’ ಎಂದಿದ್ದಲ್ಲಿ ‘ಮಾದ’ ಹಾಕಿದ. ‘ಹೇಳಲಿಲ್ಲ’ ಎಂದಿದ್ದನ್ನು ‘ಹೇಳಿದ’ ಎಂದು ಮಾಡಿದ. ಬೆನ್ನಿನ ವರ್ಣನೆ ಅರ್ಧ ತೆಗೆದ. ಅಷ್ಟು ನೋವಾದವನು ಅಷ್ಟು ಉದ್ದ ಬರೆಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಕೊನೆಗೆ ತನ್ನದೇ ಮೂರು ಸಾಲು ಸೇರಿಸಿದ: ‘ಆ ಕೋಣೆಯಲ್ಲಿ ಮಾಸ್ತರರ ನೀರಿನ ಗಡಿಗೆ ಇತ್ತು. ಮಾದನ ಕೇರಿಯ ಹುಡುಗರು ಅದರ ಹೊಸ್ತಿಲು ದಾಟುವಂತಿರಲಿಲ್ಲ. ದಾಟದವನು ಹೇಗೆ ಕದ್ದ ಎಂದು ಯಾರೂ ಕೇಳಲಿಲ್ಲ.’

ಪ್ರೂಫ್ ತೆಗೆದು ಲೇಖಕನಿಗೆ ಕಳಿಸಿದ. ಮರುದಿನ ವಾಪಸು ಬಂತು. ಚಂದ್ರಶಾ ಮುನ್ನುಡಿಯ ಪ್ರೂಫನ್ನು ನಾಲ್ಕು ಸಲ ತಿದ್ದಿ ಕಳಿಸಿದವನು, ರಕ್ಷಾಪುಟದ ಹಿಂದಿನ ತನ್ನ ಫೋಟೋಕ್ಕಾಗಿ ಮೂರು ಸಲ ಬಂದು ಹೋದವನು. ಒಳಗಿನ ಅಧ್ಯಾಯಗಳ ಮೂಲೆಯಲ್ಲಿ ಮಾತ್ರ ‘ಮುದ್ರಿಸಬಹುದು’ ಎಂದು ಬರೆದು ಸಹಿ ಎಳೆದುಬಿಡುತ್ತಿದ್ದ. ತಾನು ಬರೆದದ್ದನ್ನು ಇನ್ನೊಮ್ಮೆ ಓದುವ ತಾಳ್ಮೆ ಅವನಿಗೂ ಇರಲಿಲ್ಲ ಎಂದರೆ ಓದುಗರ ಗತಿ ಯೋಚಿಸಿ. ಏಳನೆಯ ಅಧ್ಯಾಯದ ಮೇಲೂ ಸಹಿ ಇತ್ತು.

ಆ ಅಧ್ಯಾಯದ ಪುಟಗಳು ಅಚ್ಚಾದ ಸಂಜೆ ಮಹಾದೇವಪ್ಪ ಒಂದು ತಪ್ಪು ಮಾಡಿದ. ಅಚ್ಚಾದ ಮೇಲೆ ಮೊಳೆಗೆ ಹತ್ತಿದ ಮಸಿಯನ್ನು ಸೀಮೆಎಣ್ಣೆ ಹಾಕಿ ಒರೆಸುವುದು ಪ್ರೆಸ್ಸಿನ ಪದ್ಧತಿ. ಒರೆಸಲು ಕೆಲಸ ಮುಗಿದ ಹಸ್ತಪ್ರತಿಯ ಹಾಳೆಯೇ ಆಗಬೇಕು, ಬಟ್ಟೆಗೆ ದುಡ್ಡು ಯಾರು ಕೊಡುತ್ತಾರೆ. ಚಂದ್ರಶಾನ ಕೈಬರಹದ ಆ ನಾಲ್ಕು ಪುಟ ತೆಗೆದುಕೊಂಡು, ಒಂದೊಂದನ್ನೂ ಮುದುಡಿ, ಗಸಗಸ ತಿಕ್ಕಿ, ಕರ್ರಗೆ ಮಾಡಿ ಬುಟ್ಟಿಗೆಸೆದ. ಸುಳ್ಳನ್ನು ಅಳಿಸಿದೆ ಎಂದುಕೊಂಡ. ಚಂದ್ರಶಾ ನಿಜವಾಗಿ ಏನು ಬರೆದಿದ್ದ ಎನ್ನುವುದಕ್ಕೆ ಇದ್ದ ಸಾಕ್ಷಿ ಅದೊಂದೇ ಎಂದು ಆ ಹುಚ್ಚನಿಗೆ ಹೊಳೆಯಲಿಲ್ಲ.

ಬಿಡುಗಡೆಯ ದಿನ ಪುಸ್ತಕದ ಕಟ್ಟು ಹೊತ್ತುಕೊಂಡು ಹೋಗಿ ಸಭಾಂಗಣದ ಹಿಂದೆ ಗೋಡೆಗೆ ಒರಗಿ ನಿಂತ. ಮಂತ್ರಿ ಬರಲಿಲ್ಲ. ಪುಸ್ತಕದ ಬಗ್ಗೆ ಮಾತಾಡಲು ಬಂದ ವಿಮರ್ಶಕ, ದಪ್ಪ ಕನ್ನಡಕದ ಮುದುಕ, ಮೊದಲ ಅರ್ಧ ಗಂಟೆ ತನ್ನ ಬಗ್ಗೆಯೇ ಮಾತಾಡಿದ. ಆಮೇಲೆ ಪುಸ್ತಕ ತೆರೆದು, ‘ಇಡೀ ಕೃತಿಯ ಪ್ರಾಣ ಇರುವುದು ಏಳನೆಯ ಅಧ್ಯಾಯದಲ್ಲಿ’ ಎಂದು ಹೇಳಿ ಓದತೊಡಗಿದ.

ವೇದಿಕೆಯ ಮೇಲಿದ್ದ ಚಂದ್ರಶಾ ಮೊದಲು ತಲೆದೂಗುತ್ತಿದ್ದ. ‘ಚಂದ್ರು ಸಿಪ್ಪೆಗಳನ್ನು ಮಾದನ ಚೀಲದಲ್ಲಿ ತುರುಕಿದ’ ಎಂಬಲ್ಲಿ ತಲೆ ನಿಂತಿತು. ಮುಖದ ರಕ್ತ ಇಳಿದು ಹೋಯಿತು. ಪಕ್ಕದವರ ಕೈಯಿಂದ ಪುಸ್ತಕ ಕಿತ್ತು ಪುಟ ತಿರುವಿದ. ವಿಮರ್ಶಕ ಹೊಸ್ತಿಲಿನ ಮೂರು ಸಾಲನ್ನು ಎರಡೆರಡು ಸಲ ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ‘ತನ್ನನ್ನೇ ಕಳ್ಳನೆಂದು ಕಟಕಟೆಗೆ ತಂದ ಲೇಖಕ ನಮ್ಮಲ್ಲಿ ಯಾರಿದ್ದಾರೆ? ಅದಕ್ಕಾಗಿಯೇ ಇಲ್ಲಿ ‘ನಾನು’ ಮರೆಯಾಗಿ ‘ಅವನು’ ಬಂದಿದ್ದಾನೆ. ಎಂಥ ತಂತ್ರ!’ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಚಂದ್ರಶಾ ಸುತ್ತ ನೋಡಿದ. ಚಪ್ಪಾಳೆ ಜಾಸ್ತಿಯಾದಷ್ಟೂ ಅವನ ಮುಖಕ್ಕೆ ರಕ್ತ ಮರಳಿತು. ಕೊನೆಗೆ ಮೆಲ್ಲಗೆ ಎದ್ದು, ತಲೆ ತಗ್ಗಿಸಿ, ಕೈಮುಗಿದ. ಇಂಥ ಜನರನ್ನು ಏನು ಮಾಡಬೇಕು ಹೇಳಿ. ಮುಖಕ್ಕೆ ಮಸಿ ಬಳಿದರೆ ಕಾಡಿಗೆ ಎಂದು ಕನ್ನಡಿ ನೋಡಿಕೊಳ್ಳುತ್ತಾರೆ.

ಎರಡು ದಿನ ಬಿಟ್ಟು ಪ್ರೆಸ್ಸಿಗೆ ಬಂದ. ಪಾಶಾ ನಮಾಜಿಗೆ ಹೋಗಿದ್ದ.

‘ಏಳನೇ ಅಧ್ಯಾಯ ಯಾರು ಜೋಡಿಸಿದ್ದು?’

‘ನಾನ್ರಿ.’

‘ಯಾರು ಹೇಳಿದ್ರು ಹಂಗ ಮಾಡು ಅಂತ?’

‘ನೀವs ಹೇಳಿದ್ರಲ್ರಿ, ಎಲ್ಲಾ ನಿನಗs ಬಿಟ್ಟೀನಿ ಅಂತ. ಸಹಿನೂ ಮಾಡೀರಿ.’

‘ಲೇ, ನೀ ಯಾರಲೇ?’

ಮಹಾದೇವಪ್ಪ ಕೈಯೊಳಗಿನ ಸಾಲು ಪಕ್ಕಕ್ಕಿಟ್ಟ. ‘ಮಾದ’ ಎಂದ.

ಚಂದ್ರಶಾ ಆಗ ಮೊದಲ ಸಲ ಅವನ ಮುಖ ನೋಡಿದ. ಬಾಗಿಲ ಕಡೆ ನೋಡಿದ, ಯಾರೂ ಇರಲಿಲ್ಲ. ಸ್ಟೂಲಿನ ಮೇಲೆ ಕೂತ. ಇನ್ನು ಬೈಯುತ್ತಾನೆ, ಪುಸ್ತಕವೆಲ್ಲ ಸುಡು ಅನ್ನುತ್ತಾನೆ ಎಂದು ಮಹಾದೇವಪ್ಪ ಕಾದ. ಚಂದ್ರಶಾ ಗಂಟಲು ಸರಿಮಾಡಿಕೊಂಡು, ತಗ್ಗಿದ ದನಿಯಲ್ಲಿ ‘ಎರಡನೇ ಮುದ್ರಣ ಮಾಡಬೇಕಂತಾರ. ಹೆಂಗ ಅದ ಹಂಗs ಇರಲಿ ಮಾದೇವ. ಒಂದಕ್ಷರ ಮುಟ್ಟಬ್ಯಾಡ’ ಎಂದ.

ಮಹಾದೇವಪ್ಪನಿಗೆ ನಂಬಲಾಗಲಿಲ್ಲ. ಕಣ್ಣು ತುಂಬಿ ಬಂದವು, ಅದನ್ನು ನೆನೆಸಿಕೊಂಡರೆ ಅವನಿಗೆ ಈಗಲೂ ನಾಚಿಕೆ. ‘ಅಷ್ಟು ಸಾಕ್ರಿ ಸರ್. ನಮ್ಮ ಅವ್ವನ ಮುಂದ ಬಂದು ಒಂದು ಮಾತು ಹೇಳ್ರಿ. ಅಕಿಗೆ ಓದಾಕ ಬರಂಗಿಲ್ಲ. ನಿಮ್ಮ ಬಾಯಿಂದ ಕೇಳಿದ್ರ ನಂಬ್ತಾಳ.’

‘ಹೇಳ್ತೀನಿ. ಬರೋ ತಿಂಗಳು ಊರಾಗ ನನಗ ಸನ್ಮಾನ ಅದ. ಎಲ್ಲರ ಮುಂದ ಹೇಳ್ತೀನಿ, ನಿಮ್ಮವ್ವನ್ನ ಕರಕೊಂಡು ಬಾ.’

ಆ ತಿಂಗಳು ಮಹಾದೇವಪ್ಪ ಗಾಳಿಯಲ್ಲಿ ನಡೆದ. ಸನ್ಮಾನದ ಆಮಂತ್ರಣ ಪತ್ರಿಕೆಯನ್ನು ತಾನೇ ಜೋಡಿಸಿದ, ಇದ್ದಬದ್ದ ‘ಶ್ರೀ’ಯನ್ನೆಲ್ಲ ಸುರಿದ. ಹುಮನಾಬಾದಿನ ಬಸ್ಸು ಹಿಡಿದು ಊರಿಗೆ ಹೋಗಿ, ಅವ್ವನಿಗೆ ಹೊಸ ಸೀರೆ ಉಡಿಸಿ, ಶಾಲೆಯ ಅಂಗಳಕ್ಕೆ ಕರೆದುಕೊಂಡು ಬಂದ. ಇಪ್ಪತ್ತೆರಡು ವರ್ಷದ ಮೇಲೆ ಬಂಡೆಮ್ಮ ಆ ಅಂಗಳದೊಳಗೆ ಕಾಲಿಟ್ಟಿದ್ದಳು. ಹಿಂದಿನ ಸಾಲಿನಲ್ಲಿ ಕೂಡಲು ಹೊರಟವಳನ್ನು ಕೈಹಿಡಿದು ನಡುವೆ ಕೂಡಿಸಿದ.

ಒಬ್ಬ ಮಾಸ್ತರ ಏಳನೆಯ ಅಧ್ಯಾಯವನ್ನು ಮೈಕಿನಲ್ಲಿ ಓದಿದ. ಇಡೀ ಊರು ಕೇಳಿತು. ಬಂಡೆಮ್ಮ ಬಾಯಿಗೆ ಸೆರಗು ಹಿಡಿದು ಕೇಳಿದಳು. ಓದು ಮುಗಿದ ಮೇಲೆ ಎದ್ದು ನಿಂತವನು ಚಂದ್ರಶಾ ಅಲ್ಲ, ಮುಪ್ಪಿನಿಂದ ಬಾಗಿದ ಜಗದೇವಪ್ಪ ಮಾಸ್ತರ. ತಪ್ಪು ಹುಡುಗನನ್ನು ಹೊಡೆದೆ ಎಂದು ಊರೆದುರು ಒಪ್ಪಿಕೊಳ್ಳುವ ಜಾತಿಯ ಮನುಷ್ಯ ಅವನಲ್ಲ.

‘ಅವತ್ತು ನಾನs ಇದ್ದೆ. ಸಿಪ್ಪಿ ಯಾರ ಚೀಲದಾಗ ಸಿಕ್ಕಾವ ಅಂತ ನನ್ನ ಕಣ್ಣಾರೆ ನೋಡೀನಿ’ ಎಂದ ಮಾಸ್ತರ. ‘ಹನ್ನೆರಡು ಎಕರೆ ತ್ವಾಟ ಇದ್ದವರ ಮಗ ಬಾಳಿಹಣ್ಣು ಕದೀತಾನೇನ್ರಿ? ಬಡವ ಗೆಳೆಯ ಮಾಡಿದ ಕಳವು ತನ್ನ ಮೈಮ್ಯಾಲ ಹಾಕ್ಕೊಂಡು ಬರದಾನ ನಮ್ಮ ಚಂದ್ರು. ಆ ಹೊಸ್ತಿಲ ಮಾತು ಕಥಿ ಚಂದ ಆಗಲಿ ಅಂತ ಸೇರಿಸ್ಯಾನ. ಇಂಥಾ ದೊಡ್ಡ ಮನಸ್ಸು ಯಾರಿಗಿರ್ತದ?’

ಊರು ಚಪ್ಪಾಳೆ ಹೊಡೆಯಿತು. ಮಹಾದೇವಪ್ಪ ಚಂದ್ರಶಾನ ಮುಖವನ್ನೇ ನೋಡಿದ. ಈಗ ಹೇಳುತ್ತಾನೆ, ಇನ್ನೇನು ಹೇಳುತ್ತಾನೆ. ಚಂದ್ರಶಾ ಶಾಲು ಹೊದ್ದು ಮೈಕಿನ ಮುಂದೆ ಬಂದು ಇಪ್ಪತ್ತು ನಿಮಿಷ ಮಾತಾಡಿದ, ಸ್ಮೃತಿ ಎಂದರೇನು, ಆತ್ಮಕಥನ ಎಂದರೇನು ಎಂದು. ಮುಗಿಸುವ ಹೊತ್ತಿಗೆ ಮಹಾದೇವಪ್ಪ ಎದ್ದು ನಿಂತುಬಿಟ್ಟ.

‘ಸರ್, ಹಣ್ಣು ಖರೇವಂದ್ರ ಯಾರು ತಿಂದಿದ್ರಿ? ಅದೊಂದು ಹೇಳಿಬಿಡ್ರಿ.’

ಚಂದ್ರಶಾ ಎಡಗಣ್ಣು ಸಣ್ಣ ಮಾಡಿ ನಕ್ಕ. ‘ಒಳ್ಳೆ ಪ್ರಶ್ನೆ. ಕಾದಂಬರಿಯೊಳಗ ಯಾರು ತಿಂದರು ಅನ್ನೋದು ಮುಖ್ಯ ಅಲ್ಲ. ಹಸಿವು ಮುಖ್ಯ. ಅಲ್ಲಿರೋ ಚಂದ್ರು ನಾನೂ ಅಲ್ಲ, ಅಲ್ಲಿರೋ ಮಾದ ಯಾವ ಮಾದನೂ ಅಲ್ಲ. ಈಗಿನ ಬರಹದ ತಂತ್ರನs ಅದು.’

ಮತ್ತೆ ಚಪ್ಪಾಳೆ. ಥೂ ಎಂದು ಉಗುಳಲು ಕೂಡ ಮಹಾದೇವಪ್ಪನ ಬಾಯಲ್ಲಿ ಪಸೆ ಇರಲಿಲ್ಲ. ಮೊಳೆ ಜೋಡಿಸುವವನು ‘ನಾನು’ವನ್ನು ‘ಅವನು’ ಮಾಡಿ ಕೊಟ್ಟಿದ್ದ, ಆ ಕಳ್ಳ ಅದೇ ಸಂದಿಯಲ್ಲಿ ನುಸುಳಿ ಹೋಗಿದ್ದ. ಹಿಂದಿನ ಸಾಲಿನಲ್ಲಿ ಯಾರೋ ‘ಅಂವಾ ಇವನs ನೋಡ್ರಿ, ಬಾಳಿಹಣ್ಣಿನ ಮಾದ’ ಎಂದು ಪಿಸುಗುಟ್ಟಿದ್ದು ಕೇಳಿಸಿತು.

ತಾಯಿಮಗ ಮನೆಗೆ ಬಂದರು. ಬಂಡೆಮ್ಮ ಕಟ್ಟೆಯ ಮೇಲೆ ಕೂತು ಕಣ್ಣೊರೆಸಿಕೊಂಡಳು. ಅವಳ ಮುಖದಲ್ಲಿ ಎಂಥದೋ ಸಮಾಧಾನ ಇತ್ತು. ‘ದೊಡ್ಡವರ ಮಕ್ಕಳು ದೊಡ್ಡವರs ನೋಡು. ನಿನ್ನ ತಪ್ಪು ತನ್ನ ತಲಿಮ್ಯಾಲ ಹೊತ್ತುಕೊಂಡಾನ. ಅಂಥವನ್ನ ಮಂದಿ ಮುಂದ ಎದ್ದು ನಿಂತು ಕೇಳ್ತೀಯಲ್ಲೋ. ನಾಳಿ ಹೋಗಿ ಅವನ ಕಾಲಿಗೆ ಬೀಳು.’

‘ಅವ್ವಾ’ ಎಂದ ಮಹಾದೇವಪ್ಪ. ‘ಅದು ಅವ ಬರದಿಲ್ಲವ್ವಾ. ಅವ ಬರದಿದ್ದು ಬ್ಯಾರೆ, ನನ್ನs ಕಳ್ಳ ಮಾಡಿದ್ದ. ಆ ಅಧ್ಯಾಯ ನಾ ಮಾಡಿದ್ದು. ಹೊಸ್ತಿಲದ್ದು ಬಂತಲ್ಲ, ಅವು ನನ್ನ ಮಾತು. ಅದು ನಂದವ್ವಾ.’

ಬಂಡೆಮ್ಮ ಮಗನನ್ನು ನೋಡಿದಳು. ಸಿಟ್ಟು ಅವಳ ಕಣ್ಣಲ್ಲಿ ಇರಲಿಲ್ಲ, ಎಂದೂ ಇರಲಿಲ್ಲ. ಸನ್ಮಾನದಲ್ಲಿ ಹಂಚಿದ್ದ ಒಂದು ಕೆಂಪು ಬಾಳೆಹಣ್ಣು ಅವಳ ಸೆರಗಿನ ಗಂಟಿನಲ್ಲಿತ್ತು. ಬಿಚ್ಚಿ, ಅವನ ಮಸಿಗಟ್ಟಿದ ಬೆರಳುಗಳ ನಡುವೆ ಇಟ್ಟು, ತಲೆ ಸವರಿದಳು.

‘ಅವಾಗ ಹಣ್ಣು, ಈಗ ಅವನ ಬುಕ್ಕು’ ಎಂದಳು. ‘ಬೇಕಾದ್ರ ಕೇಳಿ ತಗೋಬೇಕು ಮಗನ.’